ಗಡಿ ದಾಟಿ ಬರುವ ಹಳೇ ಪಿಕಪ್: ಎಂಜಿನ್ನಿಗಿಂತ ಮೊದಲು ಕಾಗದ ನೋಡ್ರಿ

ಅಕ್ಕಲಕೋಟ: ಸಂಕ್ರಾಂತಿಗೆ ಸೊಲ್ಲಾಪುರ ಸಿದ್ಧೇಶ್ವರ ಜಾತ್ರೆ, ಆಷಾಢ ಏಕಾದಶಿಗೆ ಪಂಢರಪುರ, ನಡುವೆ ಜತ್ತ ತಾಲೂಕಿನ ಗುಡ್ಡಾಪುರ ದಾನಮ್ಮದೇವಿ ಜಾತ್ರೆ. ಹೀಗೆ ಜಾತ್ರೆಯಿಂದ ಜಾತ್ರೆಗೆ ಬಳೆ, ಆಟಿಕೆ, ಮಿಠಾಯಿ ಅಂಗಡಿ ಹೊತ್ತು ತಿರುಗುವ ಕುಟುಂಬಗಳಿಗೆ ಪಿಕಪ್ಪೇ ಅಂಗಡಿ, ಪಿಕಪ್ಪೇ ಉಗ್ರಾಣ, ರಾತ್ರಿ ಮಲಗುವ ಮನೆಯೂ ಅದೇ. ಸಾಮಾನು ಹೆಚ್ಚಾದರೆ ಹಿಂದೊಂದು ಸಣ್ಣ ಟ್ರಾಲಿ ಜೋಡಿಸಿ ಅದರಲ್ಲೇ ಸಂಸಾರ ಹೂಡುವ ವಿಚಾರವೂ ಬರುತ್ತದೆ.

ಹೊಸ ಗಾಡಿಯ ಬೆಲೆ ಎಟುಕದವರು ಹಳೇ ಗಾಡಿ ಹುಡುಕುತ್ತಾರೆ. ಇಂಡಿ, ಅಫಜಲಪುರ, ವಿಜಯಪುರದ ಕಡೆ ಬೀಗರಿದ್ದಾರೆ, ಮಾತು ಒಂದೇ, ದಲಾಲರೂ ಗುರುತಿನವರೇ. ‘ಗಾಡಿ ಛಲೋ ಐತ್ರಿ, ಕಾಗದ ಆಮ್ಯಾಲ ಮಾಡಿಸಿದ್ರಾತು’ ಎಂಬ ಮಾತಿಗೆ ಮರುಳಾದರೆ ಕಷ್ಟ ಅಲ್ಲಿಂದಲೇ ಶುರು. ಬೀಗತನಕ್ಕೆ ಇಲ್ಲದ ಗಡಿ ಆರ್‌ಟಿಒ ಕಚೇರಿಗೆ ಇದೆ.

ಕೆಎ 28ರಿಂದ ಎಂಎಚ್ 13ಕ್ಕೆ

ವಿಜಯಪುರದ ಕೆಎ 28 ಅಥವಾ ಕಲಬುರಗಿಯ ಕೆಎ 32 ಪಾಸಿಂಗ್ ಗಾಡಿ ಸೊಲ್ಲಾಪುರದ ಎಂಎಚ್ 13 ಆಗಬೇಕಾದರೆ, ಜತ್ತದವರಾದರೆ ಸಾಂಗಲಿಯ ಎಂಎಚ್ 10 ಆಗಬೇಕಾದರೆ, ಮೊದಲು ಮಾರುವವರ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಅದು ನಮೂನೆ 28. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದು ಅಂಟಿಸಬೇಕು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30. ಫೈನಾನ್ಸ್ ಸಾಲದ ಬೋಜಾ ಇದ್ದರೆ ಅದನ್ನು ಇಳಿಸಲು ನಮೂನೆ 35.

ಮಹಾರಾಷ್ಟ್ರದ ತೆರಿಗೆ ಇಲ್ಲಿ ಹೊಸದಾಗಿ ತುಂಬಬೇಕು. ಆಚೆ ಕಡೆ ಗಾಡಿ ಅಗ್ಗ ಅನ್ನಿಸಿದರೂ ಈ ಖರ್ಚು ಸೇರಿಸಿ ಲೆಕ್ಕ ಹಾಕಿದ ಮೇಲಷ್ಟೇ ಅಗ್ಗವೋ ತುಟ್ಟಿಯೋ ತಿಳಿಯುತ್ತದೆ.

ಬೇರೆ ರಾಜ್ಯದ ನಂಬರಿನ ಮೇಲೆ 12 ತಿಂಗಳು ಓಡಿಸಬಹುದು ಎಂದು ನಂಬಿ ಕೂತವರು ಬಹಳ. ಆ 12 ತಿಂಗಳು ನಂಬರ್ ಬದಲಿಸಲು ಕಾಯ್ದೆ ಕೊಟ್ಟ ಅವಧಿ. ಗಾಡಿ ಕೊಂಡ ಸಂಗತಿಯನ್ನು ಕೊಂಡವರು 30 ದಿನದೊಳಗೆ ತಮ್ಮ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು.

ಮಾರಿದವರಿಗೂ ಬಿಡದ ಹೊಣೆ

ಸ್ಟಾಂಪ್ ಪೇಪರ್ ಮೇಲೆ ಬರೆದುಕೊಂಡರೆ ಕೆಲಸ ಮುಗಿಯಿತು ಎಂಬುದು ತಪ್ಪು ತಿಳಿವಳಿಕೆ. ಅಪಘಾತವಾದಾಗ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಕೈಯಿಂದ ಕೈಗೆ ನಾಲ್ಕು ಮಂದಿಗೆ ದಾಟಿದ್ದರೂ ಮೊದಲಿನವರ ಕೊರಳಿಗೇ ಬರುತ್ತದೆ. ಹೀಗಾಗಿ ಕಾಗದ ಬೇಗ ಆಗಬೇಕೆಂಬ ಗರಜು ಮಾರುವವರಿಗೂ ಇರಬೇಕು.

ತೂಕದ ಲೆಕ್ಕ

ಆರ್‌.ಸಿ.ಯಲ್ಲಿ ನೋಡಬೇಕಾದ ಮುಖ್ಯ ಅಂಕಿ ಒಟ್ಟು ತೂಕದ್ದು, ಅಂದರೆ ಗಾಡಿ ಮತ್ತು ಮಾಲು ಸೇರಿ. ಅದು 3,000 ಕೆ.ಜಿ. ಒಳಗಿದ್ದರೆ ಸರಕು ಗಾಡಿಗೆ ಪರ್ಮಿಟ್ ಬೇಡ. ಟಾಟಾ ಏಸ್‌ನಂಥ ಸಣ್ಣ ಗಾಡಿಗಳು ಇದರಲ್ಲಿ ಬರುತ್ತವೆ. ಬೊಲೆರೊ ಪಿಕಪ್‌ನಲ್ಲಿ 3,000ದ ಒಳಗಿನವೂ ಇವೆ, ಮೀರಿದವೂ ಇವೆ. ಹೆಸರು ನೋಡಿ ಅಲ್ಲ, ಆರ್‌.ಸಿ. ನೋಡಿ ನಿರ್ಧರಿಸಬೇಕು. ಓಡಿಸಲು ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಸಾಕು, 7,500 ಕೆ.ಜಿ. ಒಳಗಿನ ಸರಕು ಗಾಡಿಗೆ ಅದು ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಹೆಚ್ಚು ಮಾಲು ಹೇರಿದರೆ ಮಾತ್ರ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಟ್ರಾಲಿ ಎಳೆಯುವ ಆಸೆಯಿದ್ದವರು ಇನ್ನೊಂದು ತಿಳಿದಿರಬೇಕು. ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೆ ಬೇರೆಯೇ ನೋಂದಣಿ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಕೊಂಡಿ ಹಾಕಿ ಎಳೆದರೆ ರಸ್ತೆಯಲ್ಲಿ ಹಿಡಿದಾಗ ಉತ್ತರ ಇರುವುದಿಲ್ಲ. ಹೇರಿದ ಟ್ರಾಲಿ ಕ್ಲಚ್ಚನ್ನೂ ಬ್ರೇಕನ್ನೂ ತಿನ್ನುತ್ತದೆ. ಇಳಿಜಾರಿನಲ್ಲಿ ಹಿಂದಿನಿಂದ ಗಾಡಿಯನ್ನೇ ದೂಡುತ್ತದೆ.

ಮಿಸ್ತ್ರಿಯ ಕಣ್ಣು

ಗಾಡಿ ನೋಡಲು ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ಹೋಗುವುದು ಮೇಲು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗ ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ದಬದಬ ನುಗ್ಗಿದರೆ ಎಂಜಿನ್ ಬಿಚ್ಚುವ ಕಾಲ ಬಂದಿದೆ.

ಗಾಡಿ ಕೆಳಗೆ ಮಲಗಿ ಚಾಸಿ ನೋಡಬೇಕು. ಸ್ಪ್ರಿಂಗ್ ಕಟ್ಟಿದ ಜಾಗದಲ್ಲಿ ಬಿರುಕು, ವೆಲ್ಡಿಂಗ್ ತೇಪೆ ಇದ್ದರೆ ಬಿಡುವುದೇ ಲೇಸು. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಸ್ಪ್ರಿಂಗ್ ಪ್ಲೇಟ್ ಹಾಕಿಸಿದ್ದರೆ ಆ ಗಾಡಿ ಹೆಚ್ಚು ಮಾಲು ಹೊತ್ತು ದುಡಿದದ್ದು ಖರೆ. ಏರಿನಲ್ಲಿ ಎಂಜಿನ್ ಕೂಗಿದರೂ ಗಾಡಿ ಏಳದಿದ್ದರೆ ಕ್ಲಚ್ ಸವೆದಿದೆ. 8 ವರ್ಷ ದಾಟಿದ ಗಾಡಿಗೆ ಫಿಟ್‌ನೆಸ್ ಪ್ರತಿ ವರ್ಷ ಮಾಡಿಸಬೇಕು. ಅಲ್ಲಿಯವರೆಗೆ 2 ವರ್ಷಕ್ಕೊಮ್ಮೆ.

ಮಕ್ಕಳನ್ನು ಹಿಂದೆ ಕೂರಿಸಬೇಡಿ

ಜಾತ್ರೆಗೆ ಹೋಗುವಾಗ ಸಾಮಾನಿನ ಮೇಲೆ ಅವ್ವ, ಅಜ್ಜಿ, ಮಕ್ಕಳು ಕೂತು ಹೋಗುವುದು ಈ ಭಾಗದಲ್ಲಿ ದಿನಾ ಕಾಣುವ ನೋಟ. ಸರಕು ಗಾಡಿಯಲ್ಲಿ ಪುಕ್ಕಟೆ ಹೋಗುವ ಜನರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಗಾಡಿ ಮಗುಚಿದರೆ ಆಸ್ಪತ್ರೆಯ ಖರ್ಚು ಮನೆಯವರ ತಲೆಯ ಮೇಲೇ. ನಿಂತ ಗಾಡಿಯಲ್ಲಿ ಮಲಗಿದರೂ ಓಡುವಾಗ ಬಸ್ಸಿನಲ್ಲಿ ಹೋಗುವುದೇ ಕ್ಷೇಮ.

ಮುಂಗಡ ಕೊಡುವ ಮುಂಚೆ ಗಾಡಿ ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ವಿಮೆ, ಫಿಟ್‌ನೆಸ್ ಯಾವಾಗಿನವರೆಗೆ ಇದೆ ತಿಳಿಯುತ್ತದೆ. ಬಾಕಿ ಚಲನ್ ಎಷ್ಟಿವೆ ಎಂಬುದನ್ನೂ ಆನ್‌ಲೈನ್‌ನಲ್ಲೇ ನೋಡಬಹುದು. ಚಾಸಿ ಮೇಲಿನ ನಂಬರು ಆರ್‌.ಸಿ.ಗೆ ತಾಳೆಯಾಗಬೇಕು. ಪೂರ್ತಿ ಹಣ ಎಣಿಸಿ ಕೊಡುವುದು ಎನ್‌ಒಸಿ ಕೈಗೆ ಬಂದ ದಿನ. ಮಾರುವವರು ಬೀಗರೇ ಆದರೂ ಈ ಮಾತು ಮೊದಲೇ ಆಡಿಕೊಂಡರೆ ಗಾಡಿಯೂ ಉಳಿಯುತ್ತದೆ, ಬೀಗತನವೂ ಉಳಿಯುತ್ತದೆ.