ಆಟದ ಮುಖೇನ ಶಬ್ದಾಭ್ಯಾಸ

ಹದಿಹರೆಯದ ವಿದ್ಯಾರ್ಥಿಗಳು ಇಂಗ್ಲಿಷಿನ ಶಬ್ದಗಳನ್ನು ಅರ್ಥಸಹಿತವಾಗಿ ಬರೆದಿಟ್ಟುಕೊಂಡು, ಪರೀಕ್ಷೆಯ ಹಿಂದಿನ ರಾತ್ರಿ ಹತ್ತಾರು ಸಲ ಓದಿ, ಉತ್ತರಪತ್ರಿಕೆಯನ್ನು ಒಪ್ಪಿಸಿದ ಕೆಲವೇ ದಿನಗಳಲ್ಲಿ ಅವುಗಳ ಬಹುಭಾಗವನ್ನು ಮರೆತುಬಿಡುವುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿ. ಇದಕ್ಕೆ ಮಕ್ಕಳ ಆಲಸ್ಯವನ್ನು ದೂಷಿಸುವುದು ನ್ಯಾಯವಲ್ಲ; ಓದಿದ್ದನ್ನೇ ಮತ್ತೆ ಮತ್ತೆ ಓದುವ ಆ ಕ್ರಮದಲ್ಲಿಯೇ ದೋಷವಿದೆ.

ಅಮೆರಿಕದ ಜಾನ್ ಬ್ರೀನ್ ಎಂಬವರು, ಕಾಲೇಜು ಪ್ರವೇಶದ ಪರೀಕ್ಷೆಗಾಗಿ ಶಬ್ದಾರ್ಥಗಳೊಡನೆ ಹೆಣಗುತ್ತಿದ್ದ ತಮ್ಮ ಮಗನನ್ನು ಕಂಡು, 2007ರ ಅಕ್ಟೋಬರಿನಲ್ಲಿ ‘ಫ್ರೀರೈಸ್’ ಎಂಬ ಜಾಲತಾಣವನ್ನು ತೆರೆದರು. ಪರದೆಯ ಮೇಲೆ ಒಂದು ಇಂಗ್ಲಿಷ್ ಶಬ್ದ, ಅದರ ಕೆಳಗೆ ನಾಲ್ಕು ಅರ್ಥಗಳು. ಸರಿಯಾದುದನ್ನು ಆರಿಸಿದರೆ ಹಸಿದವರಿಗೆ 10 ಅಕ್ಕಿಕಾಳುಗಳ ದಾನ, ಅದರ ವೆಚ್ಚ ಜಾಹೀರಾತುದಾರರದು. ಉತ್ತರಗಳು ಸರಿಯಾದಂತೆಲ್ಲ ಶಬ್ದಗಳು ಕಠಿನವಾಗುವುವು, ತಪ್ಪಿದರೆ ಸುಲಭವಾಗುವುವು. ಆದುದರಿಂದ ಕಲಿಯುವವನು ತನ್ನ ಶಕ್ತಿಯ ಅಂಚಿನಲ್ಲಿಯೇ ಸದಾ ನಿಂತಿರುವನು. 2009ರಲ್ಲಿ ಬ್ರೀನ್ ಅವರು ಈ ತಾಣವನ್ನು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ವಹಿಸಿಕೊಟ್ಟರು.

ಇಂತಹ ಆಟಗಳ ಸತ್ತ್ವವಿರುವುದು ಅಂಕಗಳಲ್ಲಾಗಲಿ ಪದಕಗಳಲ್ಲಾಗಲಿ ಅಲ್ಲ, ಪ್ರಶ್ನೆಯಲ್ಲಿ. 2008ರಲ್ಲಿ ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಶಬ್ದಗಳನ್ನು ಇಂಗ್ಲಿಷ್ ಅರ್ಥದೊಡನೆ ಕಲಿಸಿದ ಪ್ರಯೋಗವನ್ನು ಪ್ರಕಟಿಸಿದರು. ಒಮ್ಮೆ ಸರಿಯಾಗಿ ಹೇಳಿದ ಶಬ್ದವನ್ನು ಕೆಲವರಿಗೆ ಮತ್ತೆ ಮತ್ತೆ ಕೇಳಲಾಯಿತು. ಕೆಲವರಿಗೆ ಅದನ್ನು ಓದಲು ಮಾತ್ರ ಕೊಟ್ಟು, ಕೇಳುವುದನ್ನು ನಿಲ್ಲಿಸಲಾಯಿತು. ಒಂದು ವಾರದ ತರುವಾಯ ಮೊದಲಿನವರು ಸುಮಾರು ನೂರಕ್ಕೆ 80 ಶಬ್ದಗಳನ್ನು ಹೇಳಬಲ್ಲವರಾಗಿದ್ದರೆ, ಎರಡನೆಯವರು ಹೇಳಿದ್ದು 36ರಷ್ಟನ್ನು ಮಾತ್ರ. ಸ್ಮೃತಿಯ ಆಳದಿಂದ ಶಬ್ದವನ್ನು ಮೇಲೆತ್ತುವ ಶ್ರಮವೇ, ಸೇದುತ್ತಿರುವ ಬಾವಿಯಲ್ಲಿ ನೀರು ತಿಳಿಯಾಗಿರುವಂತೆ, ಸ್ಮೃತಿಯನ್ನು ಬಲಪಡಿಸುವುದು.

ಈ ದೃಷ್ಟಿಯಿಂದ ನೋಡಿದರೆ ನಾಲ್ಕರಲ್ಲಿ ಒಂದನ್ನು ಆರಿಸುವ ಆಟವು ಪ್ರಾರಂಭಕ್ಕಷ್ಟೇ ತಕ್ಕುದು. ಕಂಡದ್ದನ್ನು ಗುರುತಿಸುವುದು ಸುಲಭ. ಏನೂ ಕಾಣದಿರುವಾಗ ಸ್ಮರಿಸುವುದೇ ಕಷ್ಟ, ಮಾತಾಡುವಾಗ ಬರೆಯುವಾಗ ಬೇಕಾಗುವ ಸಾಮರ್ಥ್ಯವೂ ಅದೇ. ಅರ್ಥವನ್ನು ತೋರಿಸಿ ಶಬ್ದವನ್ನು ಬರೆಯಿಸುವ, ತಪ್ಪಿದ್ದನ್ನು ಅಂದೇ ಅಲ್ಲದೆ ಮೂರು ದಿನಗಳ ಮೇಲೂ ವಾರದ ಮೇಲೂ ಮರಳಿ ಕೇಳುವ ತಾಣವನ್ನೇ ಅಧ್ಯಾಪಕರು ಅರಸಬೇಕು. ಬಿಡುವುಕೊಟ್ಟು ಮಾಡುವ ಅಭ್ಯಾಸ ಲೇಸೆಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ ತೋರಿಸಿದ್ದನು.

ಬಹುಮಾನಗಳ ವಿಷಯದಲ್ಲಿ ನನಗೆ ಆತಂಕವಿದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಸಂಗಡಿಗರು, ಚಿತ್ರ ಬರೆಯುವುದರಲ್ಲಿ ಸಹಜಾಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಭರವಸೆಯಿತ್ತು ಚಿತ್ರ ಬರೆಯಿಸಿದಾಗ, ಮುಂದೆ ಆ ಮಕ್ಕಳ ಆಸಕ್ತಿ ಕುಗ್ಗಿದುದನ್ನು ಕಂಡರು. ಹದಿಹರೆಯದವರಿಗಾದರೋ ಸಹಪಾಠಿಗಳೆದುರು ಅಂಕಪಟ್ಟಿಯ ತಳದಲ್ಲಿ ತನ್ನ ಹೆಸರು ಕಾಣುವುದು ಇನ್ನೂ ದುಸ್ಸಹ. ಆದಕಾರಣ ತರಗತಿಯಲ್ಲಿ ಆಡಿಸುವಾಗ ಆ ಪಟ್ಟಿಯನ್ನು ಮರೆಮಾಡಿ, ಒಬ್ಬೊಬ್ಬನ ಇಂದಿನ ಸಾಧನೆಯನ್ನು ಅವನದೇ ಹಿಂದಿನ ವಾರದ ಸಾಧನೆಯೊಡನೆ ಹೋಲಿಸುವುದು ಯುಕ್ತ. ಅನೇಕ ತಾಣಗಳಲ್ಲಿ ಅದಕ್ಕೆ ಅನುಕೂಲವೂ ಇದೆ.