ಗೋಲ್ ಗುಂಬಜ್ ನೋಡಲು ಹೋಗುವ ಮುನ್ನ

ಇಟಲಿಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಮೂರು ಗುಮ್ಮಟಗಳನ್ನು ನೋಡದೆ ಮರಳುವುದಿಲ್ಲ: ರೋಮ್ ನಗರದ ಪ್ಯಾಂಥಿಯನ್, ಅದರ ಸಮೀಪದ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚ್ ಮತ್ತು ಫ್ಲಾರೆನ್ಸ್ ನಗರದ ದೊಡ್ಡ ಚರ್ಚ್. ಫ್ಲಾರೆನ್ಸ್‌ನ ಗುಮ್ಮಟದ ತುದಿಗೆ ಹೋಗಲು 463 ಮೆಟ್ಟಿಲು ಹತ್ತಬೇಕು. ಆದರೂ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಈ ಮೂರರ ಜೊತೆ ಹೆಸರಿಸಬೇಕಾದ ನಾಲ್ಕನೆಯ ಗುಮ್ಮಟ ನಮ್ಮ ರಾಜ್ಯದಲ್ಲೇ, ವಿಜಯಪುರದಲ್ಲಿದೆ. ಬೆಂಗಳೂರಿನಿಂದ ಒಂದು ರಾತ್ರಿಯ ರೈಲು ಪ್ರಯಾಣ. ಆ ರೈಲಿನ ಹೆಸರೂ ಗೋಲ್ ಗುಂಬಜ್ ಎಕ್ಸ್‌ಪ್ರೆಸ್.

ಅದು ಎಷ್ಟನೆಯ ದೊಡ್ಡ ಗುಮ್ಮಟ?

"ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟ" ಎಂದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ನಾವೆಲ್ಲ ಓದಿದ್ದೇವೆ. ಆದರೆ ಎಲ್ಲಿಂದ ಎಲ್ಲಿಗೆ ಅಳೆದ ಲೆಕ್ಕ ಎಂದು ಕೇಳಬೇಕು. ಗೋಲ್ ಗುಂಬಜ್‌ನ ಹೊರ ವ್ಯಾಸ ಸುಮಾರು 44 ಮೀಟರ್. ಗುಮ್ಮಟದ ಬುಡದಲ್ಲಿ ಗೋಡೆಯೇ ಸುಮಾರು 3 ಮೀಟರ್ ದಪ್ಪ ಇರುವುದರಿಂದ ಒಳ ವ್ಯಾಸ ಸುಮಾರು 38 ಮೀಟರ್ ಮಾತ್ರ. ಒಳ ವ್ಯಾಸವನ್ನೇ ಹೋಲಿಸಿದರೆ ಫ್ಲಾರೆನ್ಸ್‌ನದು ಸುಮಾರು 45, ಪ್ಯಾಂಥಿಯನ್‌ನದು 43.3, ಸೇಂಟ್ ಪೀಟರ್ಸ್‌ನದು ಸುಮಾರು 41.5 ಮೀಟರ್. ಅಂದರೆ ಈ ನಾಲ್ಕರಲ್ಲಿ ನಮ್ಮದು ನಾಲ್ಕನೆಯದು. ಒಂದರ ಹೊರ ಅಳತೆಯನ್ನು ಇನ್ನೊಂದರ ಒಳ ಅಳತೆಯ ಪಕ್ಕದಲ್ಲಿಟ್ಟರೆ ಮಾತ್ರ ಅದು ಮೇಲಿನ ಸ್ಥಾನಕ್ಕೆ ಬರುತ್ತದೆ.

ಹಾಗಾದರೆ ಅದರ ಹಿರಿಮೆ ಎಲ್ಲಿದೆ?

ನೆಲ ಅಳೆದರೆ ಗೊತ್ತಾಗುತ್ತದೆ. ಪ್ಯಾಂಥಿಯನ್‌ನ ಒಳಾಂಗಣ ವೃತ್ತಾಕಾರ. ಅದರ ವಿಸ್ತೀರ್ಣವನ್ನು ನೀವೇ ಲೆಕ್ಕ ಹಾಕಿ. ಸುಮಾರು 1,470 ಚದರ ಮೀಟರ್ ಬರುತ್ತದೆ. ಗೋಲ್ ಗುಂಬಜ್‌ನ ಒಳಾಂಗಣ ಚೌಕ. ಒಂದು ಬದಿ 41 ಮೀಟರ್‌ಗಿಂತ ತುಸು ಹೆಚ್ಚು. ವಿಸ್ತೀರ್ಣ ಸುಮಾರು 1,690 ಚದರ ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಚಿಕ್ಕ ಗುಮ್ಮಟ ಹೆಚ್ಚು ಜಾಗವನ್ನು ಮುಚ್ಚಿದೆ!

ಚೌಕ ಡಬ್ಬಿಗೆ ದುಂಡನೆಯ ಮುಚ್ಚಳ ಇಟ್ಟರೆ ನಾಲ್ಕು ಮೂಲೆಗಳು ತೆರೆದೇ ಉಳಿಯುತ್ತವೆ. ಇದಕ್ಕೆ ಆ ಕಾಲದ ಶಿಲ್ಪಿಗಳು ಕಂಡುಕೊಂಡ ಉಪಾಯ ಹೀಗಿದೆ. ನೋಟ್‌ಬುಕ್‌ನಲ್ಲಿ ಒಂದು ಚೌಕ ಬರೆದು, ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ, ನಡುವೆ ಅಷ್ಟಭುಜ ಉಳಿಯುತ್ತದೆ. ನಕ್ಷತ್ರದ ಎಂಟು ಗೆರೆಗಳ ಜಾಗದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ ಮೇಲೇಳುತ್ತವೆ. ಹೀಗೆ ಚೌಕವು ಮೇಲಕ್ಕೆ ಹೋದಂತೆ ಕಿರಿದಾಗಿ, ಕೊನೆಗೆ ವೃತ್ತವಾಗಿ ಗುಮ್ಮಟವನ್ನು ಹೊರುತ್ತದೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡುತ್ತದೆ. ಒಳಕ್ಕೆ ಚಾಚಿಕೊಂಡಿರುವ ಈ ಕಮಾನುಗಳ ಭಾರ ಅದನ್ನು ತಡೆಯುತ್ತದೆ. ಇದನ್ನು ಒಳಗೆ ನಿಂತು ತಲೆ ಎತ್ತಿ ನೋಡಿದರೇ ಅರ್ಥವಾಗುವುದು.

ಅದು ಸಮಾಧಿ

ಇದು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾ ಅವರ ಮತ್ತು ಅವರ ಮನೆಯವರ ಸಮಾಧಿ. ನಡುವಿನ ಜಗುಲಿಯ ಮೇಲೆ ಕಾಣುವುದು ಗೋರಿಯ ಪ್ರತಿರೂಪಗಳು. ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಪ್ಯಾಂಥಿಯನ್‌ನಲ್ಲೂ ಚಿತ್ರಕಾರ ರಫೇಲ್‌ನ ಸಮಾಧಿ ಇದೆ. ಅಲ್ಲಿ ಗದ್ದಲ ಹೆಚ್ಚಾದರೆ ನಿಶ್ಶಬ್ದವಾಗಿರಿ ಎಂದು ಧ್ವನಿವರ್ಧಕದಲ್ಲಿ ಹೇಳುತ್ತಾರೆ. ನಮ್ಮಲ್ಲಿ ಪ್ರವಾಸ ಬಂದ ಶಾಲಾ ಕಾಲೇಜಿನವರು ಪಿಸುಗುಟ್ಟುವ ಗ್ಯಾಲರಿಗೆ ಹತ್ತಿದೊಡನೆ ಕೂಗು, ಸಿಳ್ಳೆ ಶುರುವಾಗುತ್ತದೆ. ಎಲ್ಲರೂ ಕೂಗಿದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಗೋಡೆಗೆ ಬಾಯಿ ಹತ್ತಿರವಿಟ್ಟು ಮೆಲ್ಲಗೆ ಮಾತಾಡಿದರೆ, ಶಬ್ದ ಬಾಗಿದ ಗೋಡೆಯುದ್ದಕ್ಕೂ ಪ್ರತಿಫಲಿಸುತ್ತಾ ಸಾಗಿ ಎದುರು ಬದಿಯಲ್ಲಿರುವವರ ಕಿವಿಗೆ ಸ್ಪಷ್ಟವಾಗಿ ತಲಪುತ್ತದೆ. ಅದನ್ನು ಅನುಭವಿಸಲು ಮೌನ ಬೇಕು. ಬೆಳಿಗ್ಗೆ ಬೇಗ, ಜನ ಸೇರುವ ಮೊದಲು ಹೋಗುವುದು ಒಳ್ಳೆಯದು.

ಒಂದು ದಿನದಲ್ಲಿ ಇನ್ನೇನು ನೋಡಬಹುದು?

ಇಬ್ರಾಹಿಂ ರೋಜಾ ತಪ್ಪಿಸಬೇಡಿ. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ಬರೆದ, ಸಂಗೀತಪ್ರಿಯ ದೊರೆ ಎರಡನೆಯ ಇಬ್ರಾಹಿಂ ಆದಿಲ್ ಶಾ ಅವರ ಸಮಾಧಿ ಅದು. ಗಾತ್ರದಲ್ಲಿ ಗೋಲ್ ಗುಂಬಜ್‌ಗೆ ಸಮನಲ್ಲ, ಕೆತ್ತನೆಯಲ್ಲಿ ಅದನ್ನು ಮೀರಿಸುತ್ತದೆ. ಕಿಟಕಿಯ ಕಲ್ಲಿನ ಜಾಲರಿಗಳೇ ಅರಬಿ ಅಕ್ಷರಗಳು. ಜಾಮಿಯಾ ಮಸೀದಿಯಲ್ಲಿ ಇಂದಿಗೂ ನಮಾಜ್ ನಡೆಯುತ್ತದೆ. ಜಮಾಅತ್‌ನ ಸಮಯ ತಿಳಿದುಕೊಂಡು, ಮೈತುಂಬ ಬಟ್ಟೆ ಧರಿಸಿ ಹೋಗಬೇಕು. ಸೇಂಟ್ ಪೀಟರ್ಸ್‌ನಲ್ಲೂ ಭುಜ, ಮೊಣಕಾಲು ಮುಚ್ಚದವರನ್ನು ಒಳಗೆ ಬಿಡುವುದಿಲ್ಲ. ಸಮಯ ಉಳಿದರೆ ತಾಜ್ ಬಾವಡಿ ನೋಡಿ. ನೀರು ಕಡಿಮೆಯಿರುವ ಬಯಲುಸೀಮೆಯಲ್ಲಿ ಅಷ್ಟು ದೊಡ್ಡ ನಗರ ಹೇಗೆ ಬದುಕಿತು ಎಂಬುದಕ್ಕೆ ಉತ್ತರ ಅಂಥ ಬಾವಿ, ಕೆರೆಗಳಲ್ಲಿದೆ.

ಕೊನೆಯದಾಗಿ ಒಂದು ಮಾತು. ಗೋಡೆಗಳ ಮೇಲೆ ಹೆಸರು ಗೀಚಬೇಡಿ, ಗೆಳೆಯರು ಗೀಚಲು ಹೊರಟರೆ ತಡೆಯಿರಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಶಿಕ್ಷೆಯ ಮಾತು ಹಾಗಿರಲಿ. ಮೂರೂವರೆ ಶತಮಾನದಿಂದ ಉಳಿದು ಬಂದ ಗೋಡೆಯನ್ನು ನಮ್ಮ ನಂತರ ಬರುವವರೂ ಹಾಗೆಯೇ ನೋಡುವಂತಿರಬೇಕು. ಮುಂದಿನ ಶೈಕ್ಷಣಿಕ ಪ್ರವಾಸಕ್ಕೆ ಊರು ಆರಿಸುವಾಗ ವಿಜಯಪುರದ ಹೆಸರನ್ನೂ ಪರಿಶೀಲಿಸಬೇಕೆಂದು ಅಧ್ಯಾಪಕರಲ್ಲಿ ನಮ್ಮ ವಿನಂತಿ.