ಜೀಪು ಹೋದ ಮೇಲೆ

ಬಾಗಲಕೋಟೆಯ ಹಳೆ ಊರಿಗೂ ನವನಗರಕ್ಕೂ ನಡುವೆ ಇರುವ ವಿದ್ಯಾಗಿರಿ ಎಂದರೆ ಜನರಿಗೆ ಮೊದಲು ನೆನಪಾಗುವುದು ಕಾಲೇಜುಗಳು. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘ ಇಲ್ಲಿ 1963ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಅದೇ ಸಂಘದ ವೈದ್ಯಕೀಯ ಕಾಲೇಜು ಮತ್ತು ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಎರಡೂ ಪಕ್ಕದ ನವನಗರದಲ್ಲಿವೆ. ಅಕ್ಷರ ಕಲಿಸಲು ಹೊರಟ ಸಂಸ್ಥೆ ರೋಗಿಯ ನಾಡಿ ಹಿಡಿಯುವವರೆಗೆ ಬೆಳೆದದ್ದು ಇಲ್ಲಿ ಯಾರಿಗೂ ವಿಚಿತ್ರ ಅನ್ನಿಸಿಲ್ಲ. ಹಳ್ಳಿಯ ಸರ್ಕಾರಿ ಶಾಲೆ ಪಾಠದಾಚೆ ಏನಾದರೂ ಮಾಡಲು ಹೋದರೆ ಮಾತ್ರ, ‘ಶಾಲೆ ಇರೋದು ಕಲಿಸೋಕೆ’ ಎಂಬ ತಕರಾರು ಏಳುತ್ತದೆ. ಈ ತಕರಾರಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತೆಂದರೆ, ಶಾಲೆಗೆ ಬಂದು ಹೋಗುವ ಸೇವೆ ಬೇರೆ, ಶಾಲೆಯಲ್ಲೇ ನಿಲ್ಲುವ ಸೇವೆ ಬೇರೆ. ನಮ್ಮಲ್ಲಿ ಫಲ ಕೊಟ್ಟಿರುವುದು ನಿಂತದ್ದು.

ನಿಂತದ್ದಕ್ಕೆ ಬಿಸಿಯೂಟವೇ ಸಾಕ್ಷಿ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಮರುವರ್ಷ ಕರ್ನಾಟಕ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆಯನ್ನು ಮೊದಲು ಆರಂಭಿಸಿದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಆಗಲೂ ‘ಶಾಲೆಯನ್ನು ಖಾನಾವಳಿ ಮಾಡುತ್ತಿದ್ದಾರೆ’ ಎಂಬ ಗೊಣಗಾಟವಿತ್ತು. ಆದರೆ ದೇಶದ ಮಕ್ಕಳ ಅಂಕಿಅಂಶಗಳನ್ನು ಜಾಲಾಡಿದ ಚಕ್ರವರ್ತಿ ಮತ್ತು ಜಯರಾಮನ್ ಅವರ 2019ರ ಅಧ್ಯಯನ, ಒಂದು ವರ್ಷಕ್ಕೂ ಕಡಿಮೆ ಬಿಸಿಯೂಟ ಉಂಡವರಿಗಿಂತ ಐದು ವರ್ಷದವರೆಗೆ ಉಂಡ ಮಕ್ಕಳ ಓದಿನ ಅಂಕ ಶೇ 18ರಷ್ಟು ಹೆಚ್ಚಿತ್ತೆಂದು ತೋರಿಸಿತು. ಅನ್ನ ಹಾಕಿದ್ದರಿಂದ ಪಾಠ ಕೆಡಲಿಲ್ಲ, ಸುಧಾರಿಸಿತು. ಕಾರಣವೂ ಗುಟ್ಟಿನದಲ್ಲ. ಈ ಯೋಜನೆಗೆ ಶಾಲೆಯೊಳಗೇ ಅಡುಗೆಕೋಣೆ ಕಟ್ಟಿದರು, ಸಿಲಿಂಡರ್ ಕೊಟ್ಟರು, ಅಕ್ಕಿ–ಬೇಳೆಗೆ ಲೆಕ್ಕವಿಟ್ಟರು, ಎಲ್ಲಕ್ಕಿಂತ ಮುಖ್ಯವಾಗಿ ಅದೇ ಊರಿನ ಹೆಣ್ಣುಮಕ್ಕಳನ್ನು ಅಡುಗೆಯವರಾಗಿ ನೇಮಿಸಿದರು. ಅವರಿಗೆ ಕೊಡುವ ಸಂಭಾವನೆ ಸಂಬಳ ಎನ್ನಿಸಿಕೊಳ್ಳುವ ಮಟ್ಟದ್ದಲ್ಲ, ಆ ಮಾತು ಬೇರೆ. ಆದರೆ ಇವತ್ತು ಊಟ ಆಗದಿದ್ದರೆ ಯಾರನ್ನು ಕೇಳಬೇಕೆಂದು ಊರಿಗೆ ಗೊತ್ತು.

ಇನ್ನು ಬಂದುಹೋಗುವ ಸೇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ಸಂಚಾರಿ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು ಕಣ್ಣು, ಕಿವಿ, ಹಲ್ಲು, ಹೃದಯ, ರಕ್ತಹೀನತೆ ಎಲ್ಲ ನೋಡಬೇಕು. ಯೋಜನೆ ಒಳ್ಳೆಯದೇ. ತೊಡಕು ಹುಟ್ಟುವುದು ಆ ತಂಡದ ಜೀಪು ಹೋದ ಮೇಲೆ. ಇಳಕಲ್ಲಿನ ನೇಕಾರರ ಮನೆಯ ಹುಡುಗಿಗೆ ಬೋರ್ಡು ಮಂಜಾಗಿ ಕಾಣುತ್ತದೆ ಎಂದಿಟ್ಟುಕೊಳ್ಳಿ. ದೊಡ್ಡಾಸ್ಪತ್ರೆಗೆ ತೋರಿಸಿ ಎಂಬ ಚೀಟಿ ಪಾಟೀಚೀಲದಲ್ಲಿ ಮನೆಗೆ ಬರುತ್ತದೆ. ಅಪ್ಪ ಮಗ್ಗದ ಕುಣಿಯಲ್ಲಿ ಕೂತಿದ್ದಾನೆ, ಅವ್ವ ಕಂಡಿಕೆ ಸುತ್ತುತ್ತಿದ್ದಾಳೆ, ಕೂಲಿ ಸೀರೆಯ ಲೆಕ್ಕದಲ್ಲಿ. ಬಾಗಲಕೋಟೆಗೆ ಹೋಗಿಬರುವುದೆಂದರೆ ಮಗ್ಗ ನಿಂತಿತು, ಬಸ್ ಚಾರ್ಜು ಬೇರೆ, ಕನ್ನಡಕಕ್ಕೆ ಮತ್ತೊಮ್ಮೆ ಅಲೆದಾಟ. ‘ಮಕ್ಕಳ ಜವಾಬ್ದಾರಿ ತಂದೆತಾಯಿಯದಲ್ಲವೇ, ಅದನ್ನೂ ಸರ್ಕಾರ ಹೊರಬೇಕೇ?’ ಎನ್ನುವವರು ಈ ಲೆಕ್ಕವನ್ನೊಮ್ಮೆ ಹಾಕಿನೋಡಬೇಕು. ಪಶ್ಚಿಮ ಚೀನಾದ ಹಳ್ಳಿ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನೇ ಪರೀಕ್ಷಿಸಿತು. ಕೆಲವು ಶಾಲೆಗಳ ಮಕ್ಕಳಿಗೆ ಮನೆಗೆ ಬರೀ ಚೀಟಿ ಕೊಟ್ಟರು, ಇನ್ನು ಕೆಲವೆಡೆ ಶಾಲೆಯಲ್ಲೇ ಕನ್ನಡಕ ಕೊಟ್ಟರು. ಕನ್ನಡಕ ಕೈಗೇ ಸಿಕ್ಕವರು ಹೆಚ್ಚು ಮಂದಿ ಅದನ್ನು ಹಾಕಿಕೊಂಡರು, ಅವರ ಗಣಿತದ ಅಂಕವೂ ಮೇಲಿತ್ತು. ಚೀಟಿಗೂ ಕನ್ನಡಕಕ್ಕೂ ನಡುವಿನ ದಾರಿಯಲ್ಲೇ ಮಕ್ಕಳು ಕಳೆದುಹೋಗುತ್ತಾರೆ.

ಹಾಗಾದರೆ ಆ ದಾರಿ ನಡೆಸುವವರು ಯಾರು? ಮಾಸ್ತರರೇ ಎಂದುಬಿಟ್ಟರೆ ಮೊದಲು ಹೇಳಿದ ತಕರಾರಿನ ಅರ್ಧ ಸತ್ಯ ಎದುರಿಗೆ ಬಂದು ನಿಲ್ಲುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆದರೂ ಊಟದ ರುಚಿ ನೋಡುವುದರಿಂದ ಹಿಡಿದು ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಆನ್‌ಲೈನ್ ನಮೂದುಗಳವರೆಗೆ ಅವರ ತಲೆಮೇಲೇ ಇದೆ. ಇದರ ಮೇಲೆ ಇನ್ನೊಂದು ರಿಜಿಸ್ಟರ್ ಹೇರುವುದು ಅನ್ಯಾಯ. ಪಾಠದ ಮೇಲ್ವಿಚಾರಣೆಗೆ ಹತ್ತಿರದ ಶಾಲೆಗಳ ಪ್ರತಿ ಗುಂಪಿಗೆ (ಕ್ಲಸ್ಟರಿಗೆ) ಒಬ್ಬ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಇರುವಂತೆ, ಮಕ್ಕಳ ಆರೋಗ್ಯ ಮತ್ತು ಮನೆಯ ಸಂಪರ್ಕಕ್ಕೆಂದೇ ಸಂಬಳದ ಒಬ್ಬ ಕಾರ್ಯಕರ್ತೆ ಬೇಕು. ಆಕೆ ಚೀಟಿ ಬಂದ ಮಕ್ಕಳನ್ನು ಒಟ್ಟುಮಾಡಿ ಒಂದೇ ದಿನ ಆಸ್ಪತ್ರೆಗೆ ಕರೆದೊಯ್ದರೆ ಹತ್ತು ಮನೆಗಳ ಮಗ್ಗ ನಿಲ್ಲುವುದು ತಪ್ಪುತ್ತದೆ. ಬಾದಾಮಿ, ಹುನಗುಂದ ಕಡೆಯಿಂದ ಮಂಗಳೂರು, ಗೋವಾಕ್ಕೆ ಗುಳೆ ಹೋಗುವ ಮನೆಗಳ ಮಕ್ಕಳಿಗೂ ಇಂಥವರೇ ಬೇಕು. ಅಜ್ಜಿಯ ಬಳಿ ಉಳಿದ ಮಗು ಎಂಟು ದಿನ ಶಾಲೆಗೆ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತದೆ, ಅಷ್ಟೇ. ಅಜ್ಜಿಗೆ ಹುಷಾರಿಲ್ಲವೋ, ಮಗುವನ್ನೂ ಗುಳೆಗೆ ಕರೆದೊಯ್ದರೋ ಎಂದು ಮನೆ ಬಾಗಿಲಿಗೆ ಹೋಗಿ ಕೇಳುವವರಿಲ್ಲ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಎಲ್ಲ ಕ್ಲಸ್ಟರುಗಳಿಗೂ ಒಮ್ಮೆಗೇ ನೇಮಕ ಸರ್ಕಾರಕ್ಕೆ ಭಾರವೇ. ಆದರೆ ತಪಾಸಣೆಗೆ ಈಗಾಗಲೇ ಸುರಿಯುತ್ತಿರುವ ಹಣ ಅರ್ಧ ದಾರಿಯಲ್ಲಿ ನಿಂತು ವ್ಯರ್ಥವಾಗುತ್ತಿರುವುದೂ ಖರ್ಚೇ ತಾನೆ? ಬಾಗಲಕೋಟೆಯಂಥ ಜಿಲ್ಲೆಗೆ ಒಂದು ಅನುಕೂಲವಿದೆ. ಇಲ್ಲಿ ವೈದ್ಯಕೀಯ ಕಾಲೇಜಿದೆ, ಮತ್ತು ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಬೇಕೆಂಬ ನಿಯಮ ಈಚೆಗೆ ಪಠ್ಯಕ್ರಮದಲ್ಲೇ ಸೇರಿದೆ. ಆ ಕುಟುಂಬಗಳ ಪಟ್ಟಿಯನ್ನು ಆಯಾ ಊರಿನ ಶಾಲೆಯ ಚೀಟಿಗಳಿಂದ ಆರಿಸಿಕೊಂಡರೆ ಆರಂಭಕ್ಕೆ ಹೊಸ ಹುದ್ದೆಯೂ ಬೇಡ, ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಮಾಡಿ ನೋಡಬಹುದು. ಎಷ್ಟು ಚೀಟಿ ಹೋದವು, ಎಷ್ಟು ಕನ್ನಡಕ ಬಂದವು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿ ಹೇಳಿದರೆ, ಮುಂದೆ ಕಾರ್ಯಕರ್ತೆಗೆ ಕೊಡುವ ಸಂಬಳ ದಂಡವೋ ಲಾಭವೋ ಎಂಬುದನ್ನು ಮಕ್ಕಳ ಅಪ್ಪ–ಅವ್ವಂದಿರೇ ತೀರ್ಮಾನಿಸಬಲ್ಲರು.